ಖಾಲಿ ಲೋಟದ ಸರದಿ

ಅಸುನ್ಸಿಯೋನ್‌ನ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಅಲ್ಲಿನ ನಾಡಭಾಷೆ ಗ್ವಾರಾನಿ ಕಲಿಸುವ ಇಬ್ಬರು ಟೀಚರುಗಳು ಕೂತಿದ್ದರು. ಒಂದೇ ಲೋಟ, ಒಂದೇ ಕೊಳವೆ, ಸರದಿಯಲ್ಲಿ ತೆರೆರೆ, ಅಂದರೆ ಎಲೆಗಳ ಮೇಲೆ ತಣ್ಣೀರು ಹುಯ್ದು ಮಾಡುವ ಚಹಾ, ಹೀರುತ್ತಿದ್ದರು.

"ನಿನ್ನ ಓದುಗರ ಬಳಗ ಇನ್ನೂ ಉಸಿರಾಡ್ತಿದೆಯೇನೇ ನಿಮಿಯಾ?" ಅಂದಳು ಹಿರಿಯಾಕೆ. "ಆ ಹುಡುಗರು ಮನೇಲಿ ಜಗಳ ಆಡೋದು ಗ್ವಾರಾನಿಯಲ್ಲೇ. ಅದೇ ಭಾಷೆಯ ಪುಸ್ತಕ ಕೊಟ್ರೆ ಮಾತ್ರ ಬಾಯಿಗೆ ಬೀಗ!"

"ಅದಕ್ಕೇ ತೆರೆರೆ ಇಟ್ಟೆ, ಸುನಿಲ್ದಕ್ಕಾ. ಲೋಟ ಕೈಗೆ ಬಂದವರು ಒಂದು ಪುಟ ಓದಿ ಕುಡೀಬೇಕು."

"ಥ್ಯಾಂಕ್ಸ್ ಅಂದುಬಿಟ್ರೆ?"

"ತೆರೆರೆ ಕುಡಿಯೋ ಎಲ್ಲ ಕಡೆ ಇರೋ ಹಾಗೇ. ಸಾಕು ಅಂತ ಅರ್ಥ, ಮತ್ತೆ ಲೋಟ ಬರಲ್ಲ. ಮೊದಮೊದಲು ಎಲ್ಲರೂ ಒಂದೇ ಸುತ್ತಿಗೆ ಥ್ಯಾಂಕ್ಸ್ ಅಂದು ಜಾರಿಕೊಳ್ತಿದ್ರು. ಫಿದೆಲಿನಾ ಅನ್ನೋ ಹುಡುಗಿ ಅಂತೂ ಲೋಟ ಮುಟ್ತಾನೇ ಇರಲಿಲ್ಲ."

"ನಾನು ಹೇಳಿರಲಿಲ್ವಾ?"

"ಕೇಳು. ಮೊನ್ನೆ ಕಥೆ ಅರ್ಧಕ್ಕೆ ಬಂದಾಗ ಫ್ಲಾಸ್ಕಿನ ನೀರು ಮುಗೀತು. ಇನ್ನೇನು ಅಂತ ನಾನು ಎದ್ದೆ. ಯಾರೂ ಏಳಲಿಲ್ಲ ಅಕ್ಕಾ! ಖಾಲಿ ಲೋಟಾನೇ ಕೈಯಿಂದ ಕೈಗೆ ಹೋಗ್ತಿತ್ತು."

"ಖಾಲಿ ಲೋಟ?"

"ಫಿದೆಲಿನಾ ಅದನ್ನ ಮಡಿಲಲ್ಲಿ ಇಟ್ಕೊಂಡು ಎರಡು ಪುಟ ಓದಿದ್ಲು. ಆಮೇಲೆ ಬರೀ ಗಾಳೀನೇ ಹೀರಿ ಪಕ್ಕದವನಿಗೆ ಕೊಟ್ಲು."

ಸುನಿಲ್ದಾ ಕೈಯಲ್ಲಿದ್ದ ಲೋಟವನ್ನೇ ನೋಡುತ್ತಾ ಕೂತಳು. "ಒಬ್ಬರೂ ಥ್ಯಾಂಕ್ಸ್ ಅನ್ನಲಿಲ್ವಾ?"

"ಕಥೆ ಮುಗಿಯೋ ತನಕ ಒಬ್ಬರೂ ಇಲ್ಲ."

"ದೇವರೇ..."

ಅಷ್ಟರಲ್ಲಿ ಸುನಿಲ್ದಾಳ ಬಸ್ಸು ಬಂತು. ತಳದಲ್ಲಿದ್ದದ್ದನ್ನು ಹೀರಿ, ಲೋಟವನ್ನು ನಿಮಿಯಾಳ ಕೈಗಿಟ್ಟು ಬಸ್ಸಿನತ್ತ ಓಡಿದಳು. ಥ್ಯಾಂಕ್ಸ್ ಅನ್ನಲಿಲ್ಲ.