ಖುರುಮ್ ಬಸ್ಸಿನಲ್ಲಿ ಎರಡು ಸಮೀಕರಣ

ಪರದೇಶದಲ್ಲಿ, ಖುರುಮ್‌ಗೆ ಹೋಗುವ ಬಸ್ಸಿನಲ್ಲಿ ಕನ್ನಡ ಕಿವಿಗೆ ಬಿದ್ದೊಡನೆ ಕೆಂಪಣ್ಣ ಫೋನು ಕೆಳಗಿಟ್ಟ. ಮುಂದಿನ ಸೀಟಿನಲ್ಲಿ ತಾಯಿ, ಮಗಳು. ಪರೀಕ್ಷೆ ಬರೆಯಲು ಹೊರಟವಳು ತಾಯಿ.

“ಶೇಕಡಾ ಹತ್ತರ ಆಸಿಡ್, ಶೇಕಡಾ ಮೂವತ್ತರ ಆಸಿಡ್. ಬೆರೆಸಿದ್ರೆ ಶೇಕಡಾ ಹದಿನೈದರದ್ದು ಇಪ್ಪತ್ತು ಲೀಟರ್ ಆಗ್ಬೇಕು. ಒಂದೊಂದು ಎಷ್ಟು ಬೇಕು?” ಎಂದಳು ಮಗಳು.

“ಕಳೆದ ಸಲ ಫೇಲಾದದ್ದು ಇಂಥ ಲೆಕ್ಕದಲ್ಲೇ.”

“ಲೀವ್ ಇಟ್ ಅಮ್ಮ. ಇದನ್ನು ಬಿಟ್ರೂ ಪಾಸಾಗ್ಬಹುದು.”

“ಬಿಡುವುದಿಲ್ಲ ಸಮೀಕ್ಷಾ. ಹತ್ತನೇ ಕ್ಲಾಸ್ ಆಗದೆ ನರ್ಸಿಂಗ್ ಕೋರ್ಸಿಗೆ ಯಾರು ಸೇರಿಸ್ತಾರೆ? ಕ್ಲಿನಿಕ್‌ನಲ್ಲಿ ಟೋಕನ್ ಕೊಡ್ತಾ ಎಷ್ಟು ವರ್ಷ ಕೂರುವುದು? ಮೊದಲನೆಯದು ಎಕ್ಸ್, ಎರಡನೆಯದು ವೈ. ಎರಡೂ ಸೇರಿ ಇಪ್ಪತ್ತು.”

“ಇನ್ನೊಂದು ಈಕ್ವೇಶನ್?”

ತಾಯಿ ಬೆರಳು ಮಡಚಿ ಎಣಿಸತೊಡಗಿದಳು. ಎಂಜಿನಿಯರ್ ಕೆಂಪಣ್ಣನಿಗೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ಬಿಡಲು ಮುಂದಕ್ಕೆ ಬಾಗಿದ.

“ನಾನು ಹೇಳ್ಲಾ?” ಎಂದಳು ಮಗಳು.

“ಬೇಡ ಮಾರಾಯ್ತಿ. ಪರೀಕ್ಷಾ ಹಾಲಿನೊಳಗೆ ನೀನು ಬರ್ತೀಯಾ?”

ಕೆಂಪಣ್ಣ ಹಿಂದಕ್ಕೆ ಒರಗಿದ.

“ನೀರು ಬಿಡು, ಆಸಿಡ್ ಮಾತ್ರ ನೋಡುವ,” ಎಂದಳು ತಾಯಿ, ಒಂದೊಂದೇ ಮಾತನ್ನು ಅಳೆಯುತ್ತ. “ಹತ್ತು ಎಕ್ಸ್, ಮೂವತ್ತು ವೈ ಸೇರಿ ಹದಿನೈದು ಇಂಟು ಇಪ್ಪತ್ತು, ಅಂದ್ರೆ ಮುನ್ನೂರು. ಹತ್ತರಿಂದ ಭಾಗಿಸಿದ್ರೆ ಎಕ್ಸ್, ಮೂರು ವೈ ಸೇರಿ ಮೂವತ್ತು. ಅದರಿಂದ ಮೊದಲಿನದನ್ನು ಕಳೆದ್ರೆ ಎರಡು ವೈ ಹತ್ತು.”

“ಹಾಗಾದ್ರೆ?”

“ವೈ ಐದು. ಎಕ್ಸ್ ಹದಿನೈದು.”

“ಕರೆಕ್ಟ್ ಅಮ್ಮ.”

“ಕರೆಕ್ಟ್ ಅಂತ ಗೊತ್ತುಂಟು.”

ಬಸ್ಸು ನಿಂತಿತು. ಮಗಳು ಬ್ಯಾಗು ಹೆಗಲಿಗೇರಿಸಿದಳು. ತಾಯಿ ಇಳಿಯುತ್ತ ಹೇಳಿದ್ದು ಕೆಂಪಣ್ಣನಿಗೆ ಕೇಳಿಸಿತು:

“ನಂಬರ್ ಬದಲಿಸಿ ಇನ್ನೊಂದು ಕೊಡು. ಪರೀಕ್ಷಾ ಕೇಂದ್ರದ ಗೇಟ್ ಮುಟ್ಟುವುದರೊಳಗೆ ಮಾಡ್ತೇನೆ.”