ಮೈಕಿನಲ್ಲಿ ಸಿಕ್ಕ ಕ್ಷಮೆ

ಎಕ್ಸ್‌ರೇ ಕೋಣೆಯ ಮುಂದೆ ಕಾಲು ಉಳುಕಿಸಿಕೊಂಡು ಕೂತಿದ್ದ ಪೇಂಟರ್‌ಗೆ ತನ್ನ ನೋವೇ ಸಾಕಾಗಿತ್ತು. ಆದರೆ ಎದುರು ಬೆಂಚಿನ ಅಕ್ಕತಂಗಿಯರು ಅವನ ಕಿವಿಯನ್ನು ಸುಮ್ಮನೆ ಬಿಡಬೇಕಲ್ಲ! ಅಕ್ಕನ ಕೈಗೆ ಪಟ್ಟಿ ಕಟ್ಟಿತ್ತು. ತಂಗಿಯ ಮಡಿಲಲ್ಲಿ ಬೈಬಲ್ಲಿತ್ತು.

“ಚರ್ಚಲ್ಲಿ ಮೈಕ್ ಹಿಡ್ಕೊಂಡು ನನ್ನ ಕ್ಷಮಿಸಿದ್ಯಂತೆ?”

“ದೇವರು ನನ್ನ ಬದುಕಲ್ಲಿ ಮಾಡಿದ್ದನ್ನ ಎಲ್ಲರ ಮುಂದೆ ಸಾಕ್ಷಿ ಹೇಳಿದೆ ಅಕ್ಕ. ಯೇಸು ನನ್ನನ್ನ ಕ್ಷಮಿಸಿದ ಮೇಲೆ ನಾನು ನಿನ್ನ ಕ್ಷಮಿಸದೆ ಇರೋಕಾಗುತ್ತಾ? ಈಗ ಮನಸ್ಸಿಗೆ ಎಷ್ಟು ನೆಮ್ಮದಿ ಗೊತ್ತಾ?”

“ನಿನಗೆ ನೆಮ್ಮದಿ. ನಾನು ಬೀದೀಲಿ ತಲೆ ಎತ್ತಿ ಓಡಾಡೋ ಹಾಗಿಲ್ಲ.”

“ನಿನ್ನ ಹೆಸರು ಹೇಳಿಲ್ಲ. ಒಡಹುಟ್ಟಿದವಳು ಅಂದೆ ಅಷ್ಟೆ.”

“ನಿನಗೆ ನನ್ನ ಬಿಟ್ರೆ ಇನ್ನೆಷ್ಟು ಜನ ಒಡಹುಟ್ಟಿದವರಿದ್ದಾರೆ? ಕ್ಷಮಿಸು ಅಂತ ನಿನ್ನ ಕೇಳಿದವರ್ಯಾರು?”

“ಅಮ್ಮನ ಕೊನೇಗಳಿಗೇಲಿ ನೀನು ನನ್ನ ಕರೀಲಿಲ್ಲ. ಅದು ತಪ್ಪಲ್ವಾ?”

“ಕರೀಬೇಡ ಅಂದಿದ್ದು ಅಮ್ಮ.”

ಬೈಬಲ್ಲನ್ನು ಸವರುತ್ತಿದ್ದ ತಂಗಿಯ ಕೈ ಅಲ್ಲೇ ನಿಂತಿತು.

“ಸುಳ್ಳು.”

“ಮನೆ ಬಿಟ್ಟು ಓಡಿಹೋದವಳ ಮುಖ ನೋಡಲ್ಲ ಅಂದ್ಳು. ಎಷ್ಟು ಗೋಗರೆದರೂ ಕೇಳಲಿಲ್ಲ.”

“ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ?”

“ಸಿಟ್ಟು ನನ್ನ ಮೇಲಿದ್ರೆ ಹೇಗೋ ಬದುಕ್ಕೋತೀಯ ಅಂತ.”

ಒಳಗಿಂದ ನರ್ಸ್ ಕೂಗಿದಳು. ಅಕ್ಕ ಎದ್ದಳು. ತಂಗಿ ಅವಳ ಚೀಲಕ್ಕೆ ಕೈಹಾಕಿದಳು.

“ಬಿಡು, ನಾನೇ ಹೊರ್ತೀನಿ,” ಎಂದು ಅಕ್ಕ ಚೀಲವನ್ನು ಒಂದೇ ಕೈಯಲ್ಲಿ ಹೆಗಲಿಗೇರಿಸಿಕೊಂಡಳು. ಬಾಗಿಲು ದಾಟುತ್ತಾ, ತಿರುಗಿ ನೋಡದೆಯೇ ಅವಳು ಹೇಳಿದಳು:

“ಬರೋ ಭಾನುವಾರ ಅಮ್ಮನ್ನೂ ಮೈಕಲ್ಲೇ ಕ್ಷಮಿಸಿಬಿಡು.”