ಸ್ಟಾರ್ಟರ್ ಹುಡುಕಿದ ಅಳಿಯ

ಆಸ್ಪತ್ರೆಯ ಪಾರ್ಕಿಂಗಿನಲ್ಲಿ ನನ್ನ ಕಾರಿಗೆ ಅಡ್ಡವಾಗಿ ಒಂದು ಪುಟ್ಟ ಕಾರು ಕೆಟ್ಟು ನಿಂತಿತ್ತು. ಅಳಿಯ ಬಾನೆಟ್ಟಿನೊಳಗೆ ಬಗ್ಗಿದ್ದ. ಅತ್ತೆ ಸ್ಟೀರಿಂಗಿನ ಮುಂದೆ ಕೂತು ಕೀ ತಿರುಗಿಸುತ್ತಿದ್ದರು. ಟಕ್ ಎಂದಷ್ಟೇ ಸದ್ದು.

“ಅದೇನು ಕುಟ್ತಾ ಇದ್ದೀರಿ ಅಳಿಯಂದಿರೇ?”

“ಸ್ಟಾರ್ಟರ್ ಮೋಟರ್ ಅತ್ತೆ. ಎರಡೇಟು ಬಿದ್ರೆ ತಿರುಗುತ್ತಂತೆ.”

“ಸದ್ದಲ್ಲೇ ಗೊತ್ತಾಗುತ್ತೆ, ಅದು ಆಲ್ಟರ್ನೇಟರ್. ಪಾಪ, ಬ್ಯಾಟರಿ ಚಾರ್ಜ್ ಮಾಡ್ಕೊಂಡು ತನ್ನ ಪಾಡಿಗೆ ತಾನಿತ್ತು.”

“ವಿಡಿಯೋದಲ್ಲಿ ಇಲ್ಲೇ ತೋರಿಸಿದ್ರು.”

“ವಿಡಿಯೋದಲ್ಲಿ ಇದ್ದಿದ್ದು ಲಾರಿ.”

“ಎಲ್ಲಾ ಇಂಜಿನ್ನೂ ಒಂದೇ ಅಲ್ವಾ ಅತ್ತೆ?”

“ಮೂವತ್ತು ವರ್ಷ ಬಸ್ ಡಿಪೋದಲ್ಲಿ ಗ್ರೀಸ್ ಬಳ್ಕೊಂಡವಳು ನಾನು, ನನಗೇ ಪಾಠ ಹೇಳ್ತೀರಾ? ಬ್ಯಾಟರಿಯಿಂದ ಹೊರಡೋ ದಪ್ಪ ಕೆಂಪು ವೈರ್ ಹಿಡ್ಕೊಂಡು ಕೆಳಕ್ಕೆ ಹೋಗಿ. ಇಂಜಿನ್ನೂ ಗೇರ್‌ಬಾಕ್ಸೂ ಸೇರೋ ಕಡೆ ಏನು ಸಿಗ್ತು?”

“ಏನೋ ಉದ್ದಕ್ಕೆ, ಡಬ್ಬಿ ಥರ.”

“ಅದೇ. ಮೆತ್ತಗೆ ತಟ್ಟಿ.”

ಅವನು ತಟ್ಟಿದ, ಅವರು ಕೀ ತಿರುಗಿಸಿದರು, ಕಾರು ಸ್ಟಾರ್ಟ್ ಆಯಿತು. ಅಳಿಯ ಕೈ ಒರೆಸಿಕೊಂಡು ಹೆಂಡತಿಗೆ ಫೋನ್ ಹಚ್ಚಿದ.

“ಮಗೂನ ಎತ್ಕೊಂಡು ಬಾಗಿಲ ಹತ್ರ ಬಾ ಕಣೇ. ನಾನೇ ರಿಪೇರಿ ಮಾಡ್ದೆ.”

ಅತ್ತೆ ಸ್ಟೀರಿಂಗ್ ಬಿಟ್ಟು ಏಳಲಿಲ್ಲ.

“ಹಿಂದೆ ಕೂತ್ಕೊಳ್ಳಿ ರಿಪೇರಿಯವರೇ. ಮನೆ ದಾರಿಗೆ ನೀವಿನ್ಯಾವ ಲಾರಿ ವಿಡಿಯೋ ನೋಡಿದ್ದೀರೋ!”

ಅವನು ಹಿಂದೆ ಕೂತ. ಕಾರು ಹೊರಟಿತು.